ಗೊತ್ತಿದೆ, ಬಾಯಿಗೆ ಬರುತ್ತಿಲ್ಲ

ನಮ್ಮ ಯಜಮಾನರಿಗೆ ಪಾರ್ಕಿನ್ಸನ್ಸ್ ಎಂದು ಗೊತ್ತಾಗಿ ಏಳು ವರ್ಷ ಕಳೆಯಿತು. ಈ ಕಾಯಿಲೆ ಎಂದರೆ ಕೈನಡುಕ ಎಂದು ಎಲ್ಲರಿಗೂ ಗೊತ್ತು. ನಡಿಗೆ ನಿಧಾನವಾಗುತ್ತದೆ, ಮುಖದಲ್ಲಿ ಭಾವನೆ ಕಡಿಮೆಯಾಗುತ್ತದೆ ಎಂಬುದೂ ಕೆಲವರಿಗೆ ಗೊತ್ತು. ಆದರೆ ಇದು ಯೋಚನೆಯ ವೇಗವನ್ನೂ ಮುಟ್ಟುತ್ತದೆ ಎನ್ನುವುದನ್ನು ನಮ್ಮ ಕಡೆಯವರು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ "ತಲೆ ಕೆಟ್ಟಿದೆ" ಎಂದು ಜನ ಅಂದುಕೊಂಡಾರು ಎಂಬ ಹೆದರಿಕೆ. ಇವರನ್ನು ಕೇಳಿಯೇ ನಾನು ಇದನ್ನು ಬರೆಯುತ್ತಿದ್ದೇನೆ. "ಬರಿ, ಆದರೆ ಅಳಿಸಬೇಡ" ಎಂದರು. ಅಳಿಸಬೇಡ ಎಂದದ್ದು ಅಕ್ಷರವನ್ನಲ್ಲ, ಓದುಗರನ್ನು.

ಇವರು ಕುಂದಾಪುರದ ಕಡೆಯವರು. ಫೋರ್ಟ್‌ನ ಒಂದು ಬ್ಯಾಂಕಿನಲ್ಲಿ 34 ವರ್ಷ ಕೆಲಸ. ನಾವು ಡೊಂಬಿವಲಿಗೆ ಬಂದದ್ದು 1984ರಲ್ಲಿ. ಬೆಳಿಗ್ಗೆ ಲೋಕಲ್, ಸಂಜೆ ಲೋಕಲ್, ಭಾನುವಾರ ತಾಳಮದ್ದಳೆ. ಇದೇ ಇವರ ಬದುಕು. ಡೊಂಬಿವಲಿ, ಕಲ್ಯಾಣ, ಥಾಣೆ, ವಾಶಿ, ಎಲ್ಲಿ ಕೂಟ ಇದ್ದರೂ ಅರ್ಥ ಹೇಳಲು ಇವರನ್ನು ಕರೆಯುತ್ತಿದ್ದರು. ಕೃಷ್ಣನೋ ಕೌರವನೋ, ಎದುರಿನವರು ಒಂದು ಮಾತು ಎಸೆದರೆ ಇವರಲ್ಲಿ ಎರಡು ಸಿದ್ಧವಿರುತ್ತಿದ್ದವು. ಅದನ್ನು ಹೇಳಿಕೊಳ್ಳಲು ಕಾರಣವಿದೆ. ಇವರ ತಲೆಯಲ್ಲಿ ಏನೋ ಬದಲಾಗಿದೆ ಎಂದು ಮೊದಲು ತಿಳಿದದ್ದು ಮನೆಯಲ್ಲಲ್ಲ, ತಾಳಮದ್ದಳೆಯಲ್ಲಿ.

ಎರಡು ವರ್ಷದ ಹಿಂದಿನ ಮಾತು. ಪ್ರಸಂಗ 'ಕೃಷ್ಣ ಸಂಧಾನ', ಇವರದು ಕೃಷ್ಣ. ಭಾಗವತರು ಪದ್ಯ ಹೇಳಿ ಮುಗಿಸಿದರೆ ಇವರ ಅರ್ಥ ಎಂದಿನಂತೆ ಬರುತ್ತಿತ್ತು. ಪದ್ಯದ ಒಂದು ಪದವೂ ಮರೆತಿರಲಿಲ್ಲ. ಆದರೆ ಕೌರವ ಅಡ್ಡ ಪ್ರಶ್ನೆ ಹಾಕಿದಾಗ ಇವರು ಸುಮ್ಮನಾಗಿಬಿಡುತ್ತಿದ್ದರು. ಐದು ಸೆಕೆಂಡು, ಹತ್ತು ಸೆಕೆಂಡು. ಸಭೆಯಲ್ಲಿ ಅದು ಒಂದು ಯುಗ. ಉತ್ತರ ಹೊಳೆಯುವಷ್ಟರಲ್ಲಿ ಎದುರಿನವರು ಮುಂದಿನ ಮಾತಿಗೆ ಹೋಗಿರುತ್ತಿದ್ದರು. ಮನೆಗೆ ಬಂದು ಚಪ್ಪಲಿ ಬಿಡುತ್ತಾ ಹೇಳಿದರು: "ಗೊತ್ತಿತ್ತ್ ಮಾರಾಯ್ತಿ, ಬಾಯಿಗ್ ಬತ್ತಿಲ್ಲ."

ಆ ಒಂದು ಮಾತಿನಲ್ಲಿ ಕಾಯಿಲೆಯ ಈ ಭಾಗ ಪೂರ್ತಿ ಇದೆ ಎಂದು ಆಮೇಲೆ ಥಾಣೆಯ ನರರೋಗ ವೈದ್ಯರು ವಿವರಿಸಿದರು. ಇದಕ್ಕೆ ಅವರು ಹೇಳಿದ ಹೆಸರು ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್, ಚಿಕ್ಕದಾಗಿ ಎಂ.ಸಿ.ಐ. ಬುದ್ಧಿಯ ಕೆಲಸಗಳಲ್ಲಿ ವಯಸ್ಸಿಗೆ ಮೀರಿದ ಸ್ವಲ್ಪ ಕುಗ್ಗುವಿಕೆ, ಆದರೆ ದಿನದ ಬದುಕನ್ನು ತಾನೇ ನಡೆಸಿಕೊಳ್ಳುವ ಶಕ್ತಿ ಉಳಿದಿರುತ್ತದೆ. ಆ ಶಕ್ತಿಯೂ ಹೋದರೆ ಅದನ್ನು ಡಿಮೆನ್ಷಿಯಾ ಎನ್ನುತ್ತಾರೆ. ಎರಡರ ನಡುವಿನ ಗೆರೆ ಅಷ್ಟೇ: ಮರೆವು ಎಷ್ಟು ಎನ್ನುವುದಕ್ಕಿಂತ, ಸ್ನಾನ, ಊಟ, ಔಷಧಿ, ದುಡ್ಡು, ಓಡಾಟ ತಾನೇ ಮಾಡಿಕೊಳ್ಳಬಲ್ಲರೇ ಎನ್ನುವುದು ಮುಖ್ಯ.

ಇದು ಆಲ್‌ಝೈಮರ್ ಮರೆವಿನ ಹಾಗೆ ಸಾಮಾನ್ಯವಾಗಿ ಶುರುವಾಗುವುದಿಲ್ಲವಂತೆ. ಅಲ್ಲಿ ಹೊಸ ವಿಷಯ ಒಳಗೆ ಕೂರುವುದೇ ಕಷ್ಟ. ಪಾರ್ಕಿನ್ಸನ್ಸ್‌ನಲ್ಲಿ ಹೆಚ್ಚಿನವರಿಗೆ ವಿಷಯ ಒಳಗಿರುತ್ತದೆ, ತೆಗೆಯುವುದು ಕಷ್ಟ. ಒಂದು ಸುಳಿವು ಕೊಟ್ಟರೆ ಥಟ್ಟನೆ ಬರುತ್ತದೆ. ಗಮನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳಿಸುವುದು, ಎರಡು ಕೆಲಸ ಒಟ್ಟಿಗೆ ಮಾಡುವುದು, ಮುಂದಿನ ಹೆಜ್ಜೆ ಯೋಜಿಸುವುದು, ದೂರ ಮತ್ತು ದಿಕ್ಕು ಅಂದಾಜು ಮಾಡುವುದು, ಇವು ಮೊದಲು ತೊಡಕುತ್ತವೆ. ಇದನ್ನು ಕೇಳಿದಾಗ ನನಗೆ ಆ ದಿನದ ಕೂಟ ಅರ್ಥವಾಯಿತು. ಭಾಗವತರ ಪದ್ಯ ಇವರಿಗೆ ಸುಳಿವು. ಸುಳಿವಿದ್ದಲ್ಲಿ ಅರ್ಥ ಬಂತು. ಕೌರವನ ಅಡ್ಡ ಮಾತಿಗೆ ಸುಳಿವಿಲ್ಲ, ತಾನೇ ಹುಡುಕಬೇಕು, ಅದೂ ಥಟ್ಟನೆ.

ಏಕೆ ಹೀಗೆ ಎಂದರೆ, ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಕಡಿಮೆಯಾಗುವುದು ಈ ಕಾಯಿಲೆಯ ಮೂಲ. ಅದು ಕೈಕಾಲಿನ ಚಲನೆಯನ್ನು ಮಾತ್ರವಲ್ಲ, ಹಣೆಯ ಹಿಂದಿರುವ ಮೆದುಳಿನ ಭಾಗದೊಂದಿಗಿನ ಸಂಪರ್ಕವನ್ನೂ ನಡೆಸುತ್ತದೆ. ಅದರ ಜೊತೆಗೆ ಅಸಿಟೈಲ್‌ಕೋಲಿನ್ ಮುಂತಾದ ಬೇರೆ ರಾಸಾಯನಿಕಗಳೂ ಏರುಪೇರಾಗುತ್ತವೆ. ಡೊಂಬಿವಲಿಯವರಿಗೆ ಹೇಳುವುದಾದರೆ, ಹಳಿ ಸರಿ ಇದೆ, ಗಾಡಿ ಸರಿ ಇದೆ, ಮೋಟರ್‌ಮನ್ ಇದ್ದಾನೆ, ಸಿಗ್ನಲ್ ಬೀಳುವುದು ತಡ. ಗಾಡಿ ದಿವಾ ದಾಟಿ ಸುಮ್ಮನೆ ನಿಂತಿರುತ್ತದಲ್ಲ, ಹಾಗೆ.

1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಆರು ರೋಗಿಗಳನ್ನು ಆಧಾರವಾಗಿಟ್ಟು ಈ ಕಾಯಿಲೆಯ ಬಗ್ಗೆ ಮೊದಲ ಪ್ರಬಂಧ ಬರೆದಾಗ, ಬುದ್ಧಿಗೆ ಏನೂ ಆಗುವುದಿಲ್ಲ ಎಂದೇ ಹೇಳಿದ್ದರು. ಆ ಮಾತು ಬಹುಕಾಲ ಉಳಿಯಿತು. ಪಾರ್ಕಿನ್ಸನ್ಸ್‌ನಲ್ಲಿ ಎಂ.ಸಿ.ಐ. ಗುರುತಿಸಲು ಜಾಗತಿಕ ಮಟ್ಟದ ಮಾನದಂಡ ಬಂದದ್ದು 2012ರಲ್ಲಿ. ಡಿಮೆನ್ಷಿಯಾ ಇಲ್ಲದ ಪಾರ್ಕಿನ್ಸನ್ಸ್ ರೋಗಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಇದು ಇರುತ್ತದೆ. ಅಂದರೆ ಇದೇನೂ ಅಪರೂಪವಲ್ಲ. ಮಾತನಾಡುವವರು ಅಪರೂಪ.

ಪರೀಕ್ಷೆಯ ಬಗ್ಗೆ ನಮ್ಮಂಥ ಹೊರನಾಡಿನವರಿಗೆ ತಿಳಿದಿರಬೇಕಾದ ಒಂದು ವಿಷಯ ಇದೆ. ಮೋಕಾ ಎಂಬ 30 ಅಂಕಗಳ ಒಂದು ಪರೀಕ್ಷೆ ಮಾಡುತ್ತಾರೆ. ಗಡಿಯಾರ ಬರೆದು ಹೇಳಿದ ಸಮಯಕ್ಕೆ ಮುಳ್ಳು ಇಡಬೇಕು, ಘನದ ಚಿತ್ರ ನಕಲು ಮಾಡಬೇಕು, 100ರಿಂದ ಏಳೇಳು ಕಳೆಯುತ್ತಾ ಹೋಗಬೇಕು, ಐದು ಪದ ನೆನಪಿಟ್ಟು ಆಮೇಲೆ ಹೇಳಬೇಕು, ಒಂದು ಅಕ್ಷರದಿಂದ ಶುರುವಾಗುವ ಪದಗಳನ್ನು ಒಂದು ನಿಮಿಷದಲ್ಲಿ ಎಷ್ಟಾಗುತ್ತದೋ ಅಷ್ಟು ಹೇಳಬೇಕು. ಇವರ ಮರಾಠಿ ಚೆನ್ನಾಗಿದೆ. ನಲವತ್ತು ವರ್ಷ ಮರಾಠಿಯಲ್ಲೇ ಬ್ಯಾಂಕಿನ ಗ್ರಾಹಕರ ಜೊತೆ ಮಾತಾಡಿದವರು, ತರಕಾರಿ ಕೊಂಡವರು, ಜಗಳವಾಡಿದವರು. ಹಾಗಾಗಿ ಪರೀಕ್ಷೆ ಮರಾಠಿಯಲ್ಲೇ ನಡೆಯಿತು. 22 ಬಂತು. ಪದ ಹೇಳುವ ಭಾಗದಲ್ಲಿ ಆರು ಪದಕ್ಕೆ ನಿಂತರು.

ಈ ಪರೀಕ್ಷೆಗೆ ಕನ್ನಡದ ರೂಪವೂ ಇದೆ. ಆರು ತಿಂಗಳ ನಂತರ ಎರಡನೇ ಸಲ ಮಾಡುವಾಗ ನಾವು ಕೇಳಿಕೊಂಡು ಕನ್ನಡ ಬಲ್ಲವರಿಂದ ಮಾಡಿಸಿದೆವು. 24 ಬಂತು. "ಇದನ್ನು ನೋಡಿ ಕುಣಿಯಬೇಡಿ" ಎಂದರು ವೈದ್ಯರು. ಒಮ್ಮೆ ಬರೆದ ಪರೀಕ್ಷೆ ಎರಡನೇ ಸಲ ಸ್ವಲ್ಪ ಸುಲಭವೇ. ಔಷಧಿಯ ಪರಿಣಾಮ ಇರುವ ಹೊತ್ತಿಗೂ ಇಳಿದ ಹೊತ್ತಿಗೂ ವ್ಯತ್ಯಾಸ ಆಗುತ್ತದೆ. 26ಕ್ಕಿಂತ ಕಡಿಮೆ ಎಂಬುದಂತೂ ಹಾಗೇ ಉಳಿಯಿತು. ಆದರೂ ಪದ ಹೇಳುವ ಭಾಗದಲ್ಲಿ ಇವರು ಹನ್ನೊಂದು ಪದ ಹೇಳಿದ್ದರು. ನಾವು ಯಾವ ಭಾಷೆಯಲ್ಲಿ ಕನಸು ಕಾಣುತ್ತೇವೋ ಆ ಭಾಷೆಯಲ್ಲಿ ಪರೀಕ್ಷೆ ಕೇಳುವುದು ಹಕ್ಕು ಎಂದೇ ತಿಳಿಯಿರಿ. ಹೋಲಿಕೆ ಸರಿಯಾಗಬೇಕಾದರೆ ಪ್ರತಿ ಸಲವೂ ಅದೇ ಭಾಷೆ, ದಿನದ ಅದೇ ಹೊತ್ತು, ಔಷಧಿ ತೆಗೆದುಕೊಂಡ ಅಷ್ಟೇ ಹೊತ್ತಿನ ನಂತರ ಇರಲಿ.

ಪರೀಕ್ಷೆಗಿಂತ ಮುಂಚೆ ವೈದ್ಯರು ಇನ್ನೊಂದು ಕೆಲಸ ಮಾಡಿದರು. ಮರೆವಿಗೆ ಬೇರೆ ಕಾರಣ ಇದೆಯೇ ಎಂದು ಹುಡುಕಿದರು. ರಕ್ತದಲ್ಲಿ ಬಿ-12, ಥೈರಾಯ್ಡ್ ನೋಡಿದರು. ಕಿವಿ ಕೇಳಿಸುತ್ತದೆಯೇ, ನಿದ್ರೆ ಹೇಗೆ, ಮನಸ್ಸು ಕುಗ್ಗಿದೆಯೇ ಎಂದು ವಿಚಾರಿಸಿದರು. ಖಿನ್ನತೆಯೂ ಈ ಕಾಯಿಲೆಯ ಒಂದು ಭಾಗವಾಗಿಯೇ ಬರಬಹುದು, ಅದು ಮರೆವಿನ ವೇಷ ಹಾಕಿಕೊಂಡೂ ಬರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ತೆಗೆದುಕೊಳ್ಳುವ ಮಾತ್ರೆಗಳ ಚೀಟಿ ಪೂರ್ತಿ ಓದಿದರು. ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್‌ನಂಥ ಹಳೆಯ ಮಾತ್ರೆಗಳು, ಕೆಲವು ಅಲರ್ಜಿ ಮತ್ತು ಮೂತ್ರದ ಮಾತ್ರೆಗಳು ವಯಸ್ಸಾದವರ ನೆನಪನ್ನು ಇನ್ನೂ ಮಂಕು ಮಾಡುತ್ತವೆ. ಇವರಿಗೆ ಅಂಥ ಒಂದು ಮಾತ್ರೆ ಇತ್ತು. ನಿಧಾನವಾಗಿ ಇಳಿಸಿ ನಿಲ್ಲಿಸಿದರು. ನೀವಾಗಿ ನಿಲ್ಲಿಸಬೇಡಿ, ಚೀಟಿ ಹಿಡಿದುಕೊಂಡು ಹೋಗಿ ಕೇಳಿ.

ಎಂ.ಸಿ.ಐ.ಗೆಂದೇ ಪ್ರಯೋಜನ ಖಚಿತವಾದ ಮಾತ್ರೆ ಇಲ್ಲ. ಡಿಮೆನ್ಷಿಯಾ ಹಂತಕ್ಕೆ ರಿವಾಸ್ಟಿಗ್ಮಿನ್ ಇದೆ. ಊರಿನಿಂದ ಒಬ್ಬರು ನಸುಗುನ್ನಿ ಬೀಜದ ಪುಡಿ ಕಳಿಸಿದರು. ಆ ಬೀಜದಲ್ಲಿ ಲೆವೊಡೋಪ ಇರುವುದು ನಿಜ, ಆಯುರ್ವೇದದಲ್ಲಿ ಕಂಪವಾತಕ್ಕೆ ಅದನ್ನು ಬಳಸುವುದೂ ನಿಜ. ಆದರೆ ಇವರು ಮೊದಲೇ ಲೆವೊಡೋಪ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಮೇಲಿಂದ ಎಷ್ಟು ಸೇರುತ್ತದೆ ಎಂಬ ಲೆಕ್ಕವಿಲ್ಲದೆ ಕೊಡುವುದು ಬೇಡ ಎಂದರು ವೈದ್ಯರು. ಪುಡಿಯ ಡಬ್ಬಿ ಹಾಗೇ ಕಪಾಟಿನಲ್ಲಿದೆ.

ಈಗ ಮನೆಯ ವಿಷಯ. ಕಷ್ಟ ಇರುವುದು ಇಲ್ಲೇ. ಇವರಿಂದ ಯಾವ ಕೆಲಸ ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು?

ಮೊದಲನೆಯದನ್ನು ಇವರೇ ಬಿಟ್ಟರು. ಹನ್ನೆರಡು ವರ್ಷ ನಮ್ಮ ಸೊಸೈಟಿಯ ಖಜಾಂಚಿ. ಒಂದು ತಿಂಗಳು ಒಂದೇ ವೋಚರ್ ಎರಡು ಸಲ ಬರೆದಿದ್ದರು. ಯಾರೂ ಗಮನಿಸಿರಲಿಲ್ಲ, ಇವರೇ ಕಂಡುಹಿಡಿದರು, ಸರಿಮಾಡಿದರು, ಮಾರನೇ ದಿನ ರಾಜೀನಾಮೆ ಬರೆದರು. ಪಾರ್ಕಿನ್ಸನ್ಸ್‌ನಲ್ಲಿ ಅಕ್ಷರ ಸಣ್ಣದಾಗುತ್ತಾ ಹೋಗುತ್ತದೆ. ಪತ್ರದ ಮೊದಲ ಸಾಲು ಓದಬಹುದಿತ್ತು, ಕೊನೆಯ ಸಾಲು ಇರುವೆ ಸಾಲು. ಕಾರ್ಯದರ್ಶಿ ಬಂದು "ಕಾಕಾ, ಅಸಂ ಕಾಯ್ ಕರ್ತಾ" ಎಂದು ಬೇಡಿಕೊಂಡರು. ಇವರು ಕೇಳಲಿಲ್ಲ. ಆ ವಾರ ಇವರು ಸರಿಯಾಗಿ ಊಟ ಮಾಡಲಿಲ್ಲ.

ಎರಡನೆಯದು ಬ್ಯಾಂಕ್. ಸಹಿ ಸಣ್ಣದಾಗಿ ಹಳೆಯ ಸಹಿಗೆ ಹೊಂದದೆ ಒಂದು ಚೆಕ್ ವಾಪಸು ಬಂತು. ಜೀವನವೆಲ್ಲ ಬೇರೆಯವರ ಸಹಿ ತಾಳೆ ನೋಡಿದ ಮನುಷ್ಯ! ಹೊಸ ಸಹಿಯ ಮಾದರಿ ಕೊಟ್ಟೆವು, ಖಾತೆಯನ್ನು ಇಬ್ಬರಲ್ಲಿ ಯಾರಾದರೂ ನಡೆಸುವಂತೆ ಜಂಟಿ ಮಾಡಿದೆವು, ಮೊಬೈಲಿನಲ್ಲಿ ದಿನಕ್ಕೆ ಕಳಿಸಬಹುದಾದ ಹಣದ ಮಿತಿ ಇಳಿಸಿದೆವು. ಒಟಿಪಿ ಕೇಳಿ ಫೋನ್ ಬಂದರೆ "ನನ್ನ ಹೆಂಡತಿಯನ್ನು ಕೇಳಿ ಹೇಳುತ್ತೇನೆ" ಎಂದು ಇಟ್ಟುಬಿಡಬೇಕು ಎಂಬುದು ಇವರೇ ಮಾಡಿಕೊಂಡ ನಿಯಮ. ಇವೆಲ್ಲ ಮಾಡಲು ಒಳ್ಳೆಯ ಸಮಯ ಇದೇ. ಎಂ.ಸಿ.ಐ. ಹಂತದಲ್ಲಿ ಮನುಷ್ಯ ತನ್ನ ನಿರ್ಧಾರ ತಾನೇ ಹೇಳಬಲ್ಲ. ಉಯಿಲು, ನಾಮಿನಿ, ಆಸ್ಪತ್ರೆಯ ಬಗ್ಗೆ ತನ್ನ ಇಷ್ಟ, ಎಲ್ಲ ಈಗಲೇ ಕೇಳಿ ಬರೆದಿಟ್ಟುಕೊಂಡರೆ ಮುಂದೆ ಮಕ್ಕಳು ಊಹೆ ಮಾಡಬೇಕಾಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ಸ್ ಕೂಡ ಸೇರಿದೆ ಎನ್ನುವುದನ್ನೂ ಮರೆಯಬೇಡಿ.

ಮೂರನೆಯದು ಓಡಾಟ. ಮಗಳು ನವಿಮುಂಬಯಿಯ ನೆರೂಲ್‌ನಲ್ಲಿದ್ದಾಳೆ. ಇವರು ತಿಂಗಳಿಗೊಮ್ಮೆ ಒಬ್ಬರೇ ಹೋಗುತ್ತಿದ್ದರು: ಡೊಂಬಿವಲಿಯಿಂದ ಥಾಣೆ, ಅಲ್ಲಿ ಟ್ರಾನ್ಸ್ ಹಾರ್ಬರ್ ಗಾಡಿ. ಒಂದು ದಿನ ಪನ್ವೇಲ್ ಕಡೆಯ ಗಾಡಿ ಬದಲು ವಾಶಿ ಗಾಡಿ ಹತ್ತಿದರು. ತುರ್ಭೆ ದಾಟಿದ ಮೇಲೆ ಸಾನ್ಪಾಡಾ ಬಂದಾಗ ಗೊತ್ತಾಯಿತಂತೆ. ವಾಶಿಯಲ್ಲಿ ಇಳಿದು, ಬೆಂಚಿನ ಮೇಲೆ ಕೂತು, ನೀರು ಕುಡಿದು, ಹಾರ್ಬರ್ ಲೈನಿನ ಪನ್ವೇಲ್ ಗಾಡಿ ಹಿಡಿದು ನೆರೂಲ್ ತಲುಪಿದರು. ಒಂದು ಗಂಟೆ ತಡ. ಮಗಳು ಅತ್ತಳು. "ಇನ್ನು ಅಪ್ಪ ಒಬ್ಬರೇ ಬರುವುದು ಬೇಡ" ಎಂದಳು. ಬೆಂಗಳೂರಿನ ಮಗ ಫೋನಿನಲ್ಲಿ ಅದನ್ನೇ ಹೇಳಿದ.

ವೈದ್ಯರು ಈ ಕಥೆ ಕೇಳಿ ಎರಡು ಭಾಗ ಮಾಡಿದರು. ತಪ್ಪು ಗಾಡಿ ಹತ್ತಿದ್ದು ಕಾಯಿಲೆಯ ಲಕ್ಷಣ ಇರಬಹುದು. ತಪ್ಪನ್ನು ತಾನೇ ತಿಳಿದು, ಗಾಬರಿಯಾಗದೆ, ದಾರಿ ಸರಿಪಡಿಸಿಕೊಂಡದ್ದು ಉಳಿದಿರುವ ಶಕ್ತಿ. ಎರಡನ್ನೂ ಎಣಿಸಿ ಎಂದರು. ಹಾಗಾಗಿ ನಾವು ಓಡಾಟ ನಿಲ್ಲಿಸಲಿಲ್ಲ. ಜನಸಂದಣಿ ಇಲ್ಲದ ಮಧ್ಯಾಹ್ನದ ಗಾಡಿ, ಜೇಬಿನಲ್ಲಿ ಹೆಸರು ಮತ್ತು ಫೋನ್ ನಂಬರಿನ ಚೀಟಿ, ಥಾಣೆಯಲ್ಲಿ ಹತ್ತುವ ಮುಂಚೆ ಒಂದು ಫೋನ್. ನಡೆಯುವಾಗ ಫೋನ್ ಇಲ್ಲ, ಮಾತೂ ಇಲ್ಲ. ಈ ಕಾಯಿಲೆಯವರು ನಡೆಯುತ್ತಾ ಮಾತಾಡಿದರೆ ಗಮನ ಎರಡಾಗಿ ಬೀಳುವ ಅಪಾಯ ಹೆಚ್ಚು. ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ಪರಿಚಯದವರು ಸಿಕ್ಕರೆ ಇವರು ಪಕ್ಕಕ್ಕೆ ನಿಂತು, ಕಂಬಿ ಹಿಡಿದು, ಆಮೇಲೆ ನಮಸ್ಕಾರ ಮಾಡುತ್ತಾರೆ. ಕೆಲವರಿಗೆ ಅದು ಸೊಕ್ಕಿನ ಹಾಗೆ ಕಂಡಿದೆ.

ಹೆದರಿಕೆ ಇಲ್ಲವೇ ಎಂದರೆ, ಇದೆ. ಕಲ್ಯಾಣದಲ್ಲಿ ಇವರ ಹಳೆಯ ಗೆಳೆಯರೊಬ್ಬರಿದ್ದಾರೆ. ಹೊಟೇಲ್ ನಡೆಸುತ್ತಿದ್ದವರು, ಹದಿನೈದು ವರ್ಷದಿಂದ ಇದೇ ಕಾಯಿಲೆ. ಈಗ ಅವರಿಗೆ ಹಗಲು ರಾತ್ರಿ ತಿಳಿಯುವುದಿಲ್ಲ. ಹಾಲ್‌ನಲ್ಲಿ ಯಾರೋ ಮಕ್ಕಳು ಕೂತಿದ್ದಾರೆ, ತಿಂಡಿ ಕೊಡು ಎನ್ನುತ್ತಾರೆ. ಅವರ ಹೆಂಡತಿ ಈಗ ವಾದ ಮಾಡುವುದಿಲ್ಲ. "ಕೊಟ್ಟಾಯಿತು" ಎನ್ನುತ್ತಾರೆ. ನಾವು ತಿಂಗಳಿಗೊಮ್ಮೆ ಹೋಗಿ ಕೂತು ಬರುತ್ತೇವೆ. ವಾಪಸು ಬರುವಾಗ ಗಾಡಿಯಲ್ಲಿ ಇವರು ಕಿಟಕಿಯ ಹೊರಗೆ ನೋಡುತ್ತಾರೆ. ಒಂದು ಸಲ ಕೇಳಿದರು, "ನಾನೂ ಹಾಗೇ ಆಗುವುದಾ?" ನನಗೆ ವೈದ್ಯರು ಹೇಳಿದ್ದನ್ನೇ ಹೇಳಿದೆ. ಎಂ.ಸಿ.ಐ. ಇದ್ದವರಿಗೆ ಡಿಮೆನ್ಷಿಯಾದ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಆದರೆ ಎಲ್ಲರೂ ಆ ಕಡೆಗೇ ಹೋಗುವುದಿಲ್ಲ. ಕೆಲವರು ವರ್ಷಗಟ್ಟಲೆ ಹಾಗೇ ನಿಲ್ಲುತ್ತಾರೆ, ಕೆಲವರು ಮತ್ತೆ ಪರೀಕ್ಷೆ ಮಾಡಿದಾಗ ಸಾಮಾನ್ಯರ ಮಟ್ಟಕ್ಕೂ ಬರುತ್ತಾರೆ. "ಹಾಗಾದರೆ ಬ್ಯಾಲೆನ್ಸ್ ಶೀಟ್ ಇನ್ನೂ ಮುಗಿದಿಲ್ಲ" ಎಂದರು. ಮುಂಬ್ರಾ ಬೆಟ್ಟದ ಕಡೆ ನೋಡಿದ ಹಾಗೆ ನಾನೂ ಮುಖ ತಿರುಗಿಸಿಕೊಂಡೆ. ಡೊಂಬಿವಲಿಗಿಂತ ಕಲ್ಯಾಣ ಮುಂದೆ, ಮುಂಬ್ರಾ ಆ ದಾರಿಯಲ್ಲಿ ಬರುವುದೇ ಇಲ್ಲ ಎಂದು ಇವರಿಗೂ ಗೊತ್ತು, ನಕ್ಕರು.

ಕಲ್ಯಾಣದ ಅಕ್ಕನಿಂದ ನಾನು ಕಲಿತ ಒಂದು ಮಾತು ಇಲ್ಲಿ ಹೇಳಬೇಕು. ಒಂದೆರಡು ದಿನದಲ್ಲೇ ಇದ್ದಕ್ಕಿದ್ದಂತೆ ಗೊಂದಲ ಹೆಚ್ಚಾದರೆ ಅದನ್ನು ಕಾಯಿಲೆ ಮುಂದುವರಿದದ್ದು ಎಂದು ಬಿಡಬಾರದು. ಮೂತ್ರದ ಸೋಂಕು, ಜ್ವರ, ನೀರು ಕಡಿಮೆಯಾಗಿರುವುದು, ಹೊಸ ಮಾತ್ರೆ, ಬಿದ್ದ ಪೆಟ್ಟು, ಏನೋ ಒಂದು ಇರುತ್ತದೆ. ಕೂಡಲೇ ತೋರಿಸಬೇಕು. ಇಲ್ಲದ ಜನ ಕಾಣಿಸಿದರೂ ನಾಚಿಕೊಳ್ಳದೆ ವೈದ್ಯರಿಗೆ ಹೇಳಬೇಕು.

ಮುಂಬಯಿಯಲ್ಲಿ ಡಾ. ಬಿ. ಎಸ್. ಸಿಂಘಾಲ್ ಅವರು 2001ರಲ್ಲಿ ಶುರುಮಾಡಿದ ಪಾರ್ಕಿನ್ಸನ್ಸ್ ಡಿಸೀಸ್ ಆ್ಯಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿ ರೋಗಿಗಳಿಗೂ ಮನೆಯವರಿಗೂ ಬೆಂಬಲ ಗುಂಪುಗಳನ್ನು ನಡೆಸುತ್ತದೆ. ವ್ಯಾಯಾಮ, ಮಾತಿನ ಅಭ್ಯಾಸ, ನೆನಪಿನ ಆಟ ಎಲ್ಲ ಇರುತ್ತದೆ. ಮನೆಯಲ್ಲಿ ನಮ್ಮದು ಇನ್ನೊಂದು ಉಪಾಯ. ತಾಳ ಕಿವಿಗೆ ಬಿದ್ದರೆ ಈ ಕಾಯಿಲೆಯವರ ಹೆಜ್ಜೆ ಸರಾಗವಾಗುತ್ತದೆ. ಫಿಸಿಯೋಥೆರಪಿಯವರು ಟಕ್ ಟಕ್ ಎನ್ನುವ ಯಂತ್ರ ಇಡುತ್ತಾರೆ. ಇವರಿಗೆ ಯಂತ್ರ ಬೇಡ. ಬೆಳಿಗ್ಗೆ ಹಾಲ್‌ನಲ್ಲಿ ನಾನು ಏಕತಾಳ ತಟ್ಟುತ್ತೇನೆ, ಇವರು ನಡೆಯುತ್ತಾರೆ. ಬಾಗಿಲ ಬಳಿ ಕಾಲು ಅಂಟಿಕೊಂಡರೆ ನೆಲದ ಮೇಲೆ ಅಂಟಿಸಿದ ಬಣ್ಣದ ಪಟ್ಟಿಯನ್ನು ದಾಟುತ್ತಾರೆ.

ಕಳೆದ ವರ್ಷ ಮತ್ತೆ 'ಕೃಷ್ಣ ಸಂಧಾನ' ಇಟ್ಟರು. ಇವರನ್ನು ಕರೆಯುವುದೋ ಬೇಡವೋ ಎಂದು ಕೂಟದವರಿಗೆ ಸಂಕೋಚ. ಬೇಡ ಎಂದರೆ ನೋವು, ಬನ್ನಿ ಎಂದರೆ ಸಭೆಯಲ್ಲಿ ಅವಮಾನ ಆದೀತು ಎಂಬ ಭಯ. ಇವರೇ ಭಾಗವತರಿಗೆ ಫೋನ್ ಮಾಡಿದರು. "ಕೃಷ್ಣ ಬೇಡ, ಕೌರವನೂ ಬೇಡ. ವಿದುರ ಕೊಡಿ. ವಿದುರನಿಗೆ ಯಾರೂ ಅಡ್ಡ ಪ್ರಶ್ನೆ ಹಾಕುವುದಿಲ್ಲ." ಒಂದು ಷರತ್ತು: ತಾನು ಎಡಗೈ ಎತ್ತಿದರೆ ಮುಂದಿನ ಪದ್ಯ ಎತ್ತಿಕೊಳ್ಳಬೇಕು. ನೆನಪಿನ ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಆರೇ ಪದ ಬರೆದುಕೊಟ್ಟೆ. ಧ್ವನಿ ಸಣ್ಣದಾಗಿತ್ತು, ಮೈಕ್ ಹತ್ತಿರ ಇಟ್ಟರು. ಎರಡು ಸಲ ಕೈ ಎತ್ತಿದರು. ಎರಡು ಸಲವೂ ಭಾಗವತರು ಪದ್ಯ ಹಿಡಿದರು, ಮದ್ದಳೆ ಸೇರಿತು, ಮಾತು ಬಂತು. ಕೃಷ್ಣ ತನ್ನ ಮನೆಗೆ ಬಂದದ್ದಕ್ಕೆ ವಿದುರ ಹೇಳುವ ಮಾತನ್ನು ಇವರು ನಿಧಾನವಾಗಿಯೇ ಹೇಳಿದರು. ಆ ಪಾತ್ರಕ್ಕೆ ಅವಸರವೂ ಇರಲಿಲ್ಲ.

ಇದು ಗೆದ್ದ ಕಥೆ ಅಲ್ಲ. ಈ ವರ್ಷ ಇವರು ಅರ್ಥ ಹೇಳುವುದನ್ನು ಒಪ್ಪಿಕೊಂಡಿಲ್ಲ, ಕೇಳಲು ಮಾತ್ರ ಹೋಗುತ್ತೇನೆ ಎಂದಿದ್ದಾರೆ. ಮುಂದಿನ ಪರೀಕ್ಷೆ ಮಳೆಗಾಲ ಮುಗಿದ ಮೇಲೆ.

ನಿಮ್ಮ ಸಂಘದಲ್ಲಿ, ಕಟ್ಟಡದಲ್ಲಿ, ನೆಂಟರಲ್ಲಿ ಇಂಥವರು ಒಬ್ಬರಾದರೂ ಇರುತ್ತಾರೆ. ಅವರ ಜೊತೆ ಒಂದು ಸಲಕ್ಕೆ ಒಂದೇ ವಿಷಯ ಮಾತಾಡಿ. ಟಿ.ವಿ. ಆರಿಸಿ. ಅವರು ಅರ್ಧಕ್ಕೆ ನಿಲ್ಲಿಸಿದ ವಾಕ್ಯವನ್ನು ಉಪಕಾರ ಎಂದುಕೊಂಡು ನೀವು ಮುಗಿಸಬೇಡಿ. ಪ್ರಶ್ನೆ ಕೇಳಿ ಪಕ್ಕದಲ್ಲಿರುವ ಹೆಂಡತಿಯ ಮುಖ ನೋಡಬೇಡಿ. ಮನಸ್ಸಿನಲ್ಲಿ ಹತ್ತು ಎಣಿಸಿ. ಉತ್ತರ ಹೊರಟಿರುತ್ತದೆ, ದಾರಿಯಲ್ಲಿರುತ್ತದೆ.